ಕೆಂಚಸಮುದ್ರದ ಉಪ್ಪು

ಉಬ್ಬರವೋ, ಇಳಿತವೋ ಎಂದು ಕಂಪ್ಯೂಟರು ಪಾಲಾಕ್ಷನನ್ನು ಕೇಳುತ್ತಿತ್ತು. ಬೆಳಗ್ಗೆಯಿಂದ ಇದು ಐದನೆಯ ಸಲ. ಎರಡರಲ್ಲಿ ಒಂದನ್ನು ಒತ್ತದ ಹೊರತು ಅದು ಮುಂದಿನ ಪುಟಕ್ಕೆ ಬಿಡುವುದಿಲ್ಲ. ಹರಪನಹಳ್ಳಿಯಿಂದ ಅದೇ ತಾಲ್ಲೂಕಿನ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಕೆರೆಯೊಂದರಲ್ಲಿ, ಮಂಗಳವಾರ ಹತ್ತು ಗಂಟೆಗೆ, ಎಮ್ಮೆಗಳು ಕೂತಿದ್ದ ನೀರಿನಲ್ಲಿ ಉಬ್ಬರವಿತ್ತೋ ಇಳಿತವಿತ್ತೋ?

“ಎಮ್ಮಿ ಇಳಿದಾಗ ಉಬ್ಬರ, ಎದ್ದಾಗ ಇಳಿತ ಅಂತ ಬರ್ಕೊಳ್ರಿ ಸರ,” ಎಂದ ಹುಲುಗಣ್ಣ. ಪ್ರಯೋಗಾಲಯದ ಅಟೆಂಡರು. ನಿವೃತ್ತಿಗೆ ಇನ್ನು ಮೂರೇ ವರ್ಷ ಇದ್ದದ್ದರಿಂದ ಅವನು ಯಾರಿಗೂ ಹೆದರುತ್ತಿರಲಿಲ್ಲ.

“ಸುಮ್ನ ಇರಪ್ಪ.”

“ಮುಂದಿನದು ಏನ್ ಕೇಳತೈತ್ರಿ?”

“ಹತ್ತಿರದ ಬಂದರು ಯಾವುದು ಅಂತ.”

“ನಮ್ಮ ಬಸ್‌ಸ್ಟ್ಯಾಂಡ್ ಹಾಕ್ರಿ. ಮಳಿಗಾಲದಾಗ ನೀರು ನಿಂತಿರ್ತಾವ.”

ಪಾಲಾಕ್ಷ ಹರಪನಹಳ್ಳಿಯ ಡಿಗ್ರಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಎಂ.ಎಸ್ಸಿ. ಮಾಡಿದ್ದು ಕಾರವಾರದಲ್ಲಿ, ಕಡಲಜೀವಶಾಸ್ತ್ರ. ಎರಡು ವರ್ಷ ಬಂಡೆಗಳ ಮೇಲೆ ಬೋರಲು ಬಿದ್ದು, ಅಲೆ ಬಡಿಸಿಕೊಂಡು, ಹಸಿರು ಚಿಪ್ಪಿನ ಜೀವಿಗಳನ್ನು ಅಳೆದು ತೂಗಿ ಕತ್ತರಿಸಿ ಪ್ರಬಂಧ ಬರೆದಿದ್ದ. ಆಮೇಲೆ ಕೆಲಸ ಸಿಕ್ಕಿದ್ದು ಹುಟ್ಟಿದ ತಾಲ್ಲೂಕಿನಲ್ಲೇ. ಅಂದಿನಿಂದ ಇಪ್ಪತ್ತು ವರ್ಷ, ಕಡಲೆಂದರೆ ಪ್ರಯೋಗಾಲಯದ ಕಪಾಟಿನಲ್ಲಿರುವ ಹದಿನಾಲ್ಕು ಬಾಟಲಿಗಳು. ಫಾರ್ಮಲಿನ್‌ನಲ್ಲಿ ಬಣ್ಣ ಕಳೆದುಕೊಂಡು ಒಂದೇ ತೆರ ಬೂದಿಯಾದ ನಕ್ಷತ್ರಮೀನು, ಕಡಲಸೌತೆ, ಏಡಿ. ಮೆಕ್ಕೆಜೋಳದ ಲಾರಿಗಳು ಹಾದುಹೋದಾಗ ಅವು ಗಾಜಿನೊಳಗೆ ಸಣ್ಣಗೆ ಅಲುಗುತ್ತವೆ. ಅಷ್ಟೇ ಅಲೆ.

ಹೀಗಿರುವಾಗ ವರ್ಷದ ಹಿಂದೆ ಒಂದು ಇಲಾಖೆಯಿಂದ ‘ಕಡಲ ಅಕಶೇರುಕಗಳ ಆರೋಗ್ಯ ಗಣತಿ’ ಎಂಬ ಯೋಜನೆ ಬಂತು. ಚಿಪ್ಪುಜೀವಿ, ಬಸವನಹುಳು, ಏಡಿಗಳ ಮೈಯಲ್ಲಿ ಪ್ಲಾಸ್ಟಿಕ್ ಎಷ್ಟು, ಸೀಸ ಎಷ್ಟು, ಕ್ಯಾಡ್ಮಿಯಂ ಎಷ್ಟು ಎಂದು ನೋಡುವುದು. ಒಳ್ಳೆಯ ಯೋಜನೆಯೇ. ಕೇಂದ್ರಗಳನ್ನು ಆರಿಸುವ ಹೊಣೆ ಹೊತ್ತ ಮಹಾಶಯ ಮಾತ್ರ ರಾಜ್ಯದ ಊರುಗಳ ಪಟ್ಟಿ ತೆರೆದು, ಹುಡುಕುವ ಜಾಗದಲ್ಲಿ ‘ಸಮುದ್ರ’ ಎಂದು ಒತ್ತಿದ್ದ. ನಮ್ಮ ಕಡೆ ಕೆರೆ ಕಟ್ಟಿಸಿದವರು ಅದನ್ನು ಬರೀ ಕೆರೆ ಎಂದು ಕರೆದು ತೃಪ್ತಿಪಟ್ಟವರಲ್ಲ. ಮೊಣಕಾಲುದ್ದ ನೀರು ನಿಂತರೂ ತಮ್ಮ ಹೆಸರೋ ತಾಯಿಯ ಹೆಸರೋ ಸೇರಿಸಿ ಸಮುದ್ರ ಎನ್ನುತ್ತಿದ್ದರು. ಹಾಗೆ ಯಾವನೋ ಕೆಂಚನಾಯಕ ಕಟ್ಟಿಸಿದ ಕೆಂಚಸಮುದ್ರವೂ ಕಡಲತೀರದ ಪಟ್ಟಿಗೆ ಸೇರಿತು. ಹತ್ತಿರದ ಕಾಲೇಜಿನಲ್ಲಿ ಕಡಲಜೀವಶಾಸ್ತ್ರ ಓದಿದವನೊಬ್ಬ ಬೇರೆ ಇದ್ದಾನೆ ಎಂದು ಕಂಡಾಗ ಆ ಮಹಾಶಯನಿಗೆ ತನ್ನ ಪಟ್ಟಿಯ ಮೇಲೆ ಭರವಸೆ ಬಂದಿರಬೇಕು.

ಪಾಲಾಕ್ಷ ಮೂರು ಪತ್ರ ಬರೆದ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ‘ತಮ್ಮ ಕೇಂದ್ರದ ಹೆಸರಿನಲ್ಲಿಯೇ ಸಮುದ್ರ ಇರುವುದರಿಂದ ಬದಲಾವಣೆಗೆ ಅವಕಾಶವಿರುವುದಿಲ್ಲ’ ಎಂದು ಬಂತು. ಮೂರನೆಯದಕ್ಕೆ ಉತ್ತರವಾಗಿ ಪಾರ್ಸಲಿನಲ್ಲಿ ಎರಡು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಂದವು. ಒಂದನ್ನು ಹುಲುಗಣ್ಣ ಚಳಿಗೆ ಒಳ್ಳೆಯದೆಂದು ಹಾಕಿಕೊಂಡು ಸ್ಕೂಟರಿನಲ್ಲಿ ಓಡಾಡತೊಡಗಿದ.

“ಅಲ್ರಿ, ಅಕಶೇರುಕ ಅಂದ್ರ ಏನ್ರಿ?” ಎಂದು ಅವನು ಆಗ ಕೇಳಿದ್ದ.

“ಬೆನ್ನೆಲುಬು ಇಲ್ಲದ್ದು.”

“ಹಂಗಾದ್ರ ಅದರ ಗಣತಿ ಕೆರಿಯಾಗ ಯಾಕ್ರಿ? ಆಫೀಸಿನಾಗ ಮಾಡ್ಬೇಕು.”

ಕೊನೆಗೆ ಪಾಲಾಕ್ಷ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಸೀಸ ಅಳೆಯುವ ಯಂತ್ರ ಅವನ ಕಾಲೇಜಿನಲ್ಲಿ ಇರಲಿಲ್ಲ. ಈ ಯೋಜನೆಯ ಪ್ರಯೋಗಾಲಯದಲ್ಲಿ ಇತ್ತು. ಮತ್ತೆ, ಕಡಲಿನದಾದರೇನು ಕೆರೆಯದಾದರೇನು, ಚಿಪ್ಪುಜೀವಿಯ ಬಾಳು ಒಂದೇ. ಕೆಸರಿನಲ್ಲಿ ಹೂತು ಕೂತು ನೀರನ್ನು ಒಳಗೆಳೆದುಕೊಳ್ಳುತ್ತದೆ, ಕಿವಿರಿನಲ್ಲಿ ಸೋಸುತ್ತದೆ, ಸಿಕ್ಕಿದ್ದನ್ನು ಇಟ್ಟುಕೊಳ್ಳುತ್ತದೆ. ಒಲ್ಲೆ ಎನ್ನಲು ಅದಕ್ಕೆ ತಲೆ ಇಲ್ಲ, ಓಡಿಹೋಗಲು ಕಾಲಿಲ್ಲ. ನೀರಿನಲ್ಲಿ ಏನಿತ್ತು ಎಂಬ ಲೆಕ್ಕ ಅದರ ಮೈಯಲ್ಲೇ ಇರುತ್ತದೆ.

ಮಂಗಳವಾರ ಅವನೂ ಹುಲುಗಣ್ಣನೂ ಕೆಂಚಸಮುದ್ರಕ್ಕೆ ಹೋಗಿ ನೋಡಿದಾಗ ಲೆಕ್ಕ ಕೆಟ್ಟದಾಗಿತ್ತು. ಕೆರೆಯ ಮೇಲಿನ ಹೊಲಗಳಲ್ಲಿ ಕಲ್ಲಂಗಡಿಗೆ ಕಳೆ ಬಾರದಂತೆ ಹಾಸಿದ ಕರಿ ಪ್ಲಾಸ್ಟಿಕ್ಕಿನ ಮಲ್ಚಿಂಗ್ ಹಾಳೆ, ಎರಡು ಬೆಳೆಗೆ ಹರಿದು ಚಿಂದಿಯಾಗಿ, ಮಳೆಗೆ ಇಳಿದು ಬಂದು ದಡದುದ್ದಕ್ಕೂ ಸತ್ತ ಕಾಗೆಗಳ ರೆಕ್ಕೆಯಂತೆ ಬಿದ್ದಿತ್ತು. ಗೊಬ್ಬರದ ಚೀಲದ ಬಿಳಿ ಎಳೆಗಳು ಜೊಂಡಿಗೆ ಸುತ್ತಿಕೊಂಡಿದ್ದವು. ಬಸವನಹುಳುಗಳು ಜೊಂಡು ಬಿಟ್ಟು ಆ ಹಾಳೆಯ ಮೇಲೇ ಮೊಟ್ಟೆ ಇಟ್ಟಿದ್ದವು. ಬಿಸಿಲಿಗೆ ಹಾಳೆ ಕಾದು ಮೊಟ್ಟೆಗಳು ಬೆಂದು ಒಣಗಿದ್ದವು. ನಲವತ್ತು ಚಿಪ್ಪುಜೀವಿಗಳನ್ನು ಹೆಕ್ಕಿ ತಟ್ಟೆಯಲ್ಲಿಟ್ಟು ಬಿಚ್ಚಿದರೆ ಇಪ್ಪತ್ತೇಳರ ಕಿವಿರಿನಲ್ಲಿ ಕರಿ ಪ್ಲಾಸ್ಟಿಕ್ಕಿನ ಚೂರು. ಚಿಪ್ಪಿನ ಅಂಚು ಹಪ್ಪಳದಂತೆ ತೆಳ್ಳಗಾಗಿತ್ತು. ಕೆಲವಕ್ಕೆ ಎರಡು ಹೋಳು ಒಂದಕ್ಕೊಂದು ಸರಿಯಾಗಿ ಕೂರುತ್ತಲೇ ಇರಲಿಲ್ಲ.

ಕೋಡಿಯ ಬಳಿ ಇನ್ನೊಂದು ಕತೆ. ಅಲ್ಲಿ ಮಾರೇಶ್ ಎಂಬವನ ತಗಡಿನ ಶೆಡ್ಡು. ಹಳೆಯ ಟ್ರಾಕ್ಟರ್ ಬ್ಯಾಟರಿಗಳನ್ನು ಒಡೆದು, ಒಳಗಿನ ಫಲಕಗಳನ್ನು ಕೆರೆಯ ನೀರಿನಲ್ಲಿ ಜಾಲಾಡಿಸಿ, ಸೀಸ ಕರಗಿಸಿ ಮೀನು ಬಲೆಗೆ ಕಟ್ಟುವ ಗುಂಡು ಹೊಯ್ಯುತ್ತಿದ್ದ. ಆ ಮೂಲೆಯಲ್ಲಿ ನೀರು ತಿಳಿಯಾಗಿತ್ತು. ‘ಈ ಕಡಿ ನೀರು ಭಾಳ ಸ್ವಚ್ಛ್ರಿ’ ಎಂದು ಬಟ್ಟೆ ಒಗೆಯುವವರು ಹೇಳಿದರು. ಪಾಲಾಕ್ಷ ಅರ್ಧ ಗಂಟೆ ಹುಡುಕಿದರೂ ಅಲ್ಲಿ ಒಂದು ಜೀವಂತ ಹುಳು ಸಿಗಲಿಲ್ಲ. ಖಾಲಿ ಚಿಪ್ಪು ಬೇಕಾದಷ್ಟಿದ್ದವು.

ಆ ಖಾಲಿ ಚಿಪ್ಪುಗಳನ್ನು ಜಲ್ಲಡಿಯಲ್ಲಿ ತೊಳೆಯುತ್ತ ದುರುಗಮ್ಮ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಈ ಚಿಪ್ಪಿಗೆ ಆಕೆಯ ಮಾತಿನಲ್ಲಿ ಸಿಂಪಿ ಎಂದು ಹೆಸರು. ಸಿಂಪಿ ಆರಿಸಿ, ಇದ್ದಲಿನ ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಬಟ್ಟೆಯಲ್ಲಿ ಸೋಸಿ ಎಲೆಗೆ ಹಚ್ಚುವ ಸುಣ್ಣ ಮಾಡುವುದು ಆಕೆಯ ಕಸುಬು. ಅರಸೀಕೆರೆಯಿಂದ ಉಚ್ಚಂಗಿದುರ್ಗದವರೆಗೆ ಎಲೆಯಡಿಕೆ ಹಾಕುವ ಬಾಯಿಗಳಲ್ಲಿ ಅರ್ಧಕ್ಕರ್ಧ ಆಕೆಯ ಸುಣ್ಣದ್ದು. ಊಟದ ಮೇಲೆ ಒಂದೆಲೆ ಹಾಕುವ ಪಾಲಾಕ್ಷನ ಬಾಯಿಯೂ ಆ ಲೆಕ್ಕದಲ್ಲಿತ್ತು.

“ಏ ಮಾಸ್ತರ, ನಿಮ್ದು ಓದಿದ ಕಿವಿ. ಇದರ ದನಿ ಕೇಳ್ರಿ,” ಎಂದು ಆಕೆ ಎರಡು ಸಿಂಪಿ ಬಡಿದು ತೋರಿಸಿದಳು. “ಟಣ್ ಅನ್ಬೇಕು. ಟಪ್ ಅಂತೈತಿ.”

“ಸುಣ್ಣ ಹೆಂಗ ಬರ್ತೈತಬೇ?”

“ಎಲ್ಲಿ ಬರ್ತೈತಿ! ಮೊದ್ಲ ನೀರು ಹಾಕಿದ್ರ ಕೊತ ಕೊತ ಕುದ್ದು ಮಲ್ಲಿಗಿ ಹಂಗ ಅರಳತಿತ್ತು. ಈಗ ಅರ್ಧ ಅರಳತೈತಿ, ಅರ್ಧ ಮಣ್ಣಿನ ಹೆಂಟಿ ಹಂಗ ಗಟ್ಟಿ ಆಗಿ ಕುಂದ್ರತೈತಿ. ಮ್ಯಾಲೆ ಕರಿ ಜಿಡ್ಡು ತೇಲತೈತಿ.” ಜಲ್ಲಡಿ ಕೆಳಗಿಟ್ಟು ಕೋಡಿಯ ಶೆಡ್ಡಿನ ಕಡೆ ಗದ್ದ ತೋರಿಸಿದಳು. “ಒಂದು ಕೇಳ್ತೀನಿ, ಖರೆ ಹೇಳ್ರಿ. ಆ ಮಾರೇಶನ ಸೀಸ ನೀರಾಗ ಹೋಗತೈತಿ. ಆ ನೀರು ಸಿಂಪಿ ಕುಡೀತೈತಿ. ಆ ಸಿಂಪಿ ನಾ ಸುಡ್ತೀನಿ. ಸುಟ್ಟಾಗ ಸೀಸ ಹೊಗಿ ಆಗಿ ಹೋಗತೈತೋ, ಸುಣ್ಣದಾಗ ಉಳೀತೈತೋ?”

ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಸುಟ್ಟರೆ ಸಿಂಪಿಯ ಅರ್ಧದಷ್ಟು ತೂಕ ಗಾಳಿಗೆ ಹೋಗುತ್ತದೆ, ಸೀಸ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ; ಅಂದರೆ ಸುಣ್ಣದಲ್ಲಿ ಅದು ಸಿಂಪಿಯಲ್ಲಿದ್ದುದಕ್ಕಿಂತ ಗಟ್ಟಿ. ಪಾಲಾಕ್ಷ ಮನಸ್ಸಿನಲ್ಲೇ ಲೆಕ್ಕ ಹಾಕಿದ.

“ಉಳೀತೈತಿ,” ಎಂದ. “ಆದ್ರ ಸಿಂಪಿಯೊಳಗ ಐತೋ ಇಲ್ಲೋ, ಇದ್ರ ಎಷ್ಟೈತಿ, ಅದು ಮೊದ್ಲು ಗೊತ್ತಾಗ್ಬೇಕು. ಲ್ಯಾಬಿಗೆ ಕಳಸ್ತೀನಿ.”

“ಕಳಸ್ರಿ. ನಾಲ್ಕು ಗಡಿಗಿ ಸುಣ್ಣ ಮಾಡಿ ಮುಚ್ಚಿಟ್ಟೀನಿ. ನೀವು ಹೇಳೋಮಟ ಒಂದು ಬಟ್ಟು ಮಾರಂಗಿಲ್ಲ. ಮಂದಿ ಬಾಯಾಗ ಹಾಕೋದು. ಲಗೂನ ಹೇಳ್ರಿ, ಅಷ್ಟ.”

ಈಗ ಬುಧವಾರ, ಹೇಳುವುದಕ್ಕೆ ಅಡ್ಡವಾಗಿ ಈ ಕಂಪ್ಯೂಟರು ಕೂತಿತ್ತು. ಉಬ್ಬರದ ಪ್ರಶ್ನೆಗೂ ಬಂದರಿನ ಪ್ರಶ್ನೆಗೂ ಸುಮ್ಮನೆ ಏನೋ ಒತ್ತಿ ಮುಂದೆ ಹೋದರೆ ಲವಣಾಂಶದ ಪುಟ. ಪಾಲಾಕ್ಷ ರಸಾಯನಶಾಸ್ತ್ರ ವಿಭಾಗದಿಂದ ಮೀಟರು ತಂದು, ಸರಿಹೊಂದಿಸಿ, ಮೂರು ಸಲ ಅಳೆದು, ಸರಾಸರಿ ತೆಗೆದಿದ್ದ: ಸಾವಿರಕ್ಕೆ 0.3. ಒತ್ತಿದ ಕೂಡಲೇ ಕೆಂಪು ಅಕ್ಷರ: ‘ದೋಷ. ಲವಣಾಂಶ 28ರಿಂದ 38ರೊಳಗೆ ಇರತಕ್ಕದ್ದು.’ ಈ ಪುಟ ದಾಟಿದರಷ್ಟೇ ಬಾರ್‌ಕೋಡ್ ಚೀಟಿ ಬರುತ್ತದೆ. ಚೀಟಿ ಅಂಟಿಸದ ಡಬ್ಬಿಯನ್ನು ಲ್ಯಾಬು ತೆರೆಯುವುದೂ ಇಲ್ಲ. ಮಾದರಿ ತಲುಪಲು ಶುಕ್ರವಾರ ಕೊನೆಯ ದಿನ.

ಅವನು ಸಹಾಯವಾಣಿಗೆ ಫೋನ್ ಮಾಡಿದ.

“ನಮಸ್ಕಾರ, ಗಣತಿ ಸಹಾಯವಾಣಿ, ನಾನು ಕೀರ್ತನಾ. ಹೇಗೆ ಸಹಾಯ ಮಾಡಲಿ ಸರ್?”

“ನೋಡಮ್ಮ, ನಮ್ಮ ಕೇಂದ್ರ ಸಮುದ್ರ ಅಲ್ಲ. ಕೆರೆ. ಸಿಹಿನೀರು.”

“ಕೇಂದ್ರದ ಹೆಸರು ಹೇಳಿ ಸರ್.”

“ಕೆಂಚಸಮುದ್ರ.”

“ಸಮುದ್ರ ಅಂತಲೇ ಇದೆಯಲ್ಲ ಸರ್.”

ಪಾಲಾಕ್ಷ ಕಣ್ಣು ಮುಚ್ಚಿ ಉಸಿರು ಬಿಟ್ಟ. “ನೀವಿರೋದು ಎಲ್ಲಮ್ಮ?”

“ಬೆಂಗಳೂರು ಸರ್. ಕೋಣನಕುಂಟೆ.”

“ಅಲ್ಲಿ ಕೋಣ ಇದಾವಾ?”

“ನಾನು ನೋಡಿಲ್ಲ ಸರ್.”

“ಇದೂ ಹಾಗೇ.”

“ಅರ್ಥ ಆಯ್ತು ಸರ್,” ಎಂದಳು ಕೀರ್ತನಾ. ನಿಜವಾಗಿಯೂ ಅರ್ಥವಾದ ದನಿ. “ಆದರೆ ಸಿಸ್ಟಮ್ಮಿಗೆ ಅರ್ಥ ಆಗಲ್ಲ.” ಆಮೇಲೆ ದನಿ ತಗ್ಗಿಸಿದಳು. “ಮೂವತ್ತೈದು ಹಾಕಿಬಿಡಿ ಸರ್. ನಿಮ್ಮ ಥರದ್ದೇ ಇನ್ನೂ ಹನ್ನೊಂದು ಕೇಂದ್ರ ಇವೆ. ಎಲ್ಲರೂ ಮೂವತ್ತೈದೇ ಹಾಕಿರೋದು.”

ಹನ್ನೊಂದು ಕೆರೆಗಳು. ಹನ್ನೊಂದು ಮೇಷ್ಟ್ರುಗಳು ಸಿಹಿನೀರನ್ನು ಕಡಲು ಮಾಡಿ ಕೂತಿದ್ದರು. ಪಾಲಾಕ್ಷ ಫೋನಿಟ್ಟು ತಲೆ ಎತ್ತುವಷ್ಟರಲ್ಲಿ ಹುಲುಗಣ್ಣ ಎದುರಿನ ಅಂಗಡಿಯಿಂದ ಒಂದು ಪೊಟ್ಟಣ ಉಪ್ಪು ತಂದು ಮೇಜಿನ ಮೇಲಿಟ್ಟಿದ್ದ.

“ಇದೇನಲೇ?”

“ನೋಡ್ರಿ ಸರ. ಹಾಕದ ಮೂವತ್ತೈದು ಬರದ್ರ ಸುಳ್ಳು. ಹಾಕಿ ಅಳದ್ರ ಮೀಟರೇ ಮೂವತ್ತೈದು ಅಂತೈತಿ. ಮೀಟರ್ ಸುಳ್ಳು ಹೇಳಂಗಿಲ್ಲ ಅಂತ ನೀವ ಹುಡುಗರಿಗೆ ಹೇಳ್ತಿರ್ತೀರಿ.”

ಪಾಲಾಕ್ಷ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ. ಹೋದ ವರ್ಷ ಒಬ್ಬ ಹುಡುಗ ಪ್ರಯೋಗ ಮಾಡದೆ ಪಕ್ಕದವನ ಅಂಕಿಗಳನ್ನೇ ಬರೆದುಕೊಟ್ಟಾಗ ಅವನನ್ನು ನಪಾಸು ಮಾಡಿದ್ದ. ಪ್ರಾಂಶುಪಾಲರು ಹೇಳಿದರೂ ಕೇಳಿರಲಿಲ್ಲ. ಅಳೆಯದ ಅಂಕಿಗಿಂತ ಖಾಲಿ ಜಾಗ ಮೇಲು ಎಂದು ಅಂದು ಭಾಷಣವನ್ನೇ ಮಾಡಿದ್ದ. ಈಗ ಖಾಲಿ ಜಾಗ ಬಿಟ್ಟರೆ ಏನಾಗುತ್ತದೆ? ಡಬ್ಬಿ ಇಲ್ಲೇ ಕೊಳೆಯುತ್ತದೆ. ಸೀಸ ಎಷ್ಟೆಂದು ಗೊತ್ತಾಗುವುದಿಲ್ಲ. ದುರುಗಮ್ಮ ಎಷ್ಟು ದಿನ ಗಡಿಗೆ ಮುಚ್ಚಿಟ್ಟುಕೊಂಡು ಕೂತಾಳು? ಒಂದು ಸಂತೆ, ಎರಡು ಸಂತೆ. ಆಮೇಲೆ ಮಾರಲೇಬೇಕು. ಉಪ್ಪು ಒಂದು ಬೀಗ, ಅಷ್ಟೆ. ಒಳಗಿರುವ ಸೀಸದ ಅಂಕಿ ನಿಜ. ನಿಜ ಹೊರಗೆ ಬರಲು ಒಂದು ಸುಳ್ಳು ಕೀಲಿ.

“ಉಪ್ಪು ಮನಿಗೆ ಒಯ್ಯಿ,” ಎಂದ ಕೊನೆಗೆ. “ಸುಳ್ಳ ಬರೆಯೋದಾದ್ರ ಅದಕ್ಕ ಮತ್ತ ನೀರು ಯಾಕ ಕೆಡಸ್ಬೇಕು.”

ಉಬ್ಬರ ಎಂದು ಒತ್ತಿದ. ಬಂದರುಗಳ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿದ. ಲವಣಾಂಶ 35 ಎಂದು ಒತ್ತಿದ. ‘ಅಭಿನಂದನೆಗಳು’ ಎಂದು ಪರದೆಯ ಮೇಲೆ ಒಂದು ಡಾಲ್ಫಿನ್ ನೆಗೆಯಿತು. ಬಾರ್‌ಕೋಡ್ ಬಂತು.

ಹದಿನೆಂಟು ದಿನಕ್ಕೆ ವರದಿಯೂ ಬಂತು. ಒಂದು ಜೀವಿಗೆ ಸರಾಸರಿ ಹದಿನಾಲ್ಕು ಪ್ಲಾಸ್ಟಿಕ್ ಚೂರು. ಒಂದು ಗ್ರಾಂ ಚಿಪ್ಪಿನಲ್ಲಿ ಇಪ್ಪತ್ಮೂರು ಮೈಕ್ರೋಗ್ರಾಂ ಸೀಸ. ಪಾಲಾಕ್ಷ ಅದನ್ನು ಸುಣ್ಣಕ್ಕೆ ಪರಿವರ್ತಿಸಿ ನೋಡಿ ಪೆನ್ನು ಕೆಳಗಿಟ್ಟ. ದಿನಕ್ಕೆ ಹತ್ತು ಸಲ ಬಾಯಿಗೆ ಹಾಕುವ ವಸ್ತುವಿನಲ್ಲಿ ಇರಬಾರದ ಅಂಕಿ ಅದು. ಇನ್ನೇನು ಎದ್ದು ಹೊರಡಬೇಕು, ಹಾಳೆಯ ಕೆಳತುದಿಯಲ್ಲಿ ಹಸಿರು ಪಟ್ಟಿ ಕಂಡಿತು:

‘ಬಂದರು ವಲಯದ ಮಾನದಂಡದಂತೆ ತೃಪ್ತಿಕರ. ಕೆಂಚಸಮುದ್ರ ಕಡಲತೀರದ ಅಕಶೇರುಕಗಳು ಆರೋಗ್ಯವಾಗಿವೆ. ದೃಢೀಕರಿಸಿದವರು: ಪಾಲಾಕ್ಷ.’ ಪ್ರತಿ: ಗ್ರಾಮ ಪಂಚಾಯ್ತಿ.

ಅವನು ಹತ್ತಿರದ ಬಂದರು ಎಂದು ಒತ್ತಿದ್ದನಲ್ಲ, ಆ ಒತ್ತು ಕೆರೆಯನ್ನು ದೊಡ್ಡ ಹಡಗುಗಳು ನಿಲ್ಲುವ ನೀರಿನ ಸಾಲಿಗೆ ಸೇರಿಸಿತ್ತು. ಅಂಥ ನೀರಿಗೆ ಈ ಯೋಜನೆ ಇಟ್ಟಿದ್ದ ಮಿತಿ ಸಡಿಲ. ಅವನ ಕೀಲಿ ಬಾಗಿಲನ್ನೇನೋ ತೆಗೆದಿತ್ತು. ಒಳಗಿದ್ದ ನಿಜದ ಮುಖಕ್ಕೆ ಸುಣ್ಣ ಬಳಿದಿತ್ತು.

“ತಿದ್ದುಪಡಿ ಅರ್ಜಿ ಇದೆ ಸರ್,” ಎಂದಳು ಕೀರ್ತನಾ ಫೋನಿನಲ್ಲಿ. “ಆದರೆ ಲವಣಾಂಶ ತಪ್ಪು ಅಂತ ನೀವೇ ಬರೆದುಕೊಟ್ಟರೆ ಇಡೀ ಮಾದರಿ ರದ್ದಾಗತ್ತೆ. ಸೀಸದ ರಿಸಲ್ಟೂ ಹೋಗತ್ತೆ.”

“ಅಂದರೆ ಸುಳ್ಳು ಉಳಿದರೆ ಮಾತ್ರ ನಿಜ ಉಳಿಯೋದು.”

“ಸಿಸ್ಟಮ್ ಹಾಗಿದೆ ಸರ್. ಸಾರಿ.”

ಅವನು ಹುಲುಗಣ್ಣನ ಸ್ಕೂಟರ್ ಹತ್ತಿ ಕೆಂಚಸಮುದ್ರಕ್ಕೆ ಹೊರಟ. ಕೋಡಿಯ ಬಳಿ ಮಾರೇಶ್ ಕೈ ಬೀಸಿ ನಿಲ್ಲಿಸಿದ. ಶೆಡ್ಡಿನ ಬಾಗಿಲ ಮೇಲೆ ವರದಿಯ ನಕಲು, ಲ್ಯಾಮಿನೇಷನ್ ಮಾಡಿಸಿ, ಮೊಳೆ ಹೊಡೆದು ತೂಗುಹಾಕಿದ್ದ.

“ಬರ್ರಿ ಸರ. ಪಂಚಾಯ್ತ್ಯಾಗ ಇಸಗೊಂಡೆ. ನಿಮ್ಮ ಹೆಸರು ಭಾಳ ಚಂದ ಕಾಣತೈತಿ.”

“ಮಾರೇಶ, ಆ ಅಂಕಿ ಓದಿ ನೋಡಿಯೇನು? ಇಪ್ಪತ್ಮೂರು.”

“ಅಂಕಿ ನಮಗ ತಿಳಿಯಂಗಿಲ್ಲ ಬಿಡ್ರಿ. ತೃಪ್ತಿಕರ ತಿಳೀತೈತಿ.” ಅವನ ದನಿಯಲ್ಲಿ ಕುಹಕವಿರಲಿಲ್ಲ. “ಊರಾಗ ಎಲ್ಲಾರೂ ನನಗ ಬೈತಿದ್ರು. ನೀವು ಉಳಸಿದ್ರಿ.”

ಪಾಲಾಕ್ಷನಿಗೆ ಆ ಹಾಳೆಯನ್ನು ಕಿತ್ತೆಸೆಯಬೇಕೆನಿಸಿತು. ಕಿತ್ತರೆ ಕೆರೆಗೇ ಬೀಳುತ್ತಿತ್ತು, ಲ್ಯಾಮಿನೇಷನ್ ಸಮೇತ.

ದುರುಗಮ್ಮ ಗಡಿಗೆಗಳ ಬಾಯಿಗೆ ಹೊಸ ಬಟ್ಟೆ ಕಟ್ಟುತ್ತಿದ್ದಳು. ಮುಖ ಗೆಲುವಾಗಿತ್ತು.

“ಬರ್ರಿ ಮಾಸ್ತರ, ಕುಂದರ್ರಿ. ಎರಡು ಸಂತಿ ತಪ್ಪಿದ್ವು, ಇರ್ಲಿ. ಪಂಚಾಯ್ತಿಯವ್ರು ಓದಿ ಹೇಳಿದ್ರು, ಆರಾಮ ಅದಾವಂತ. ನಾಳೆ ಹೊಂಟೀನಿ.”

“ಹೋಗಬ್ಯಾಡಬೇ.”

ಆಕೆಯ ಕೈ ನಿಂತಿತು. “ಯಾಕ?”

“ಸುಣ್ಣದಾಗ ಸೀಸ ಐತಿ. ಬಾಯಿಗೆ ಹಾಕಬಾರದಷ್ಟು ಐತಿ.”

“ಕಾಗದ ನಿಮ್ದಲ್ಲೇನು?”

“ನಂದು.”

“ಮತ್ತ?”

ಪಾಲಾಕ್ಷ ಹೇಳಿದ. ಕಂಪ್ಯೂಟರಿಗೆ ಕೆರೆ ಗೊತ್ತಿಲ್ಲ, ಅದಕ್ಕೆ ಕಡಲೇ ಬೇಕಿತ್ತು, ಅದಕ್ಕೇ ನೀರು ಕಡಲಿನಷ್ಟು ಉಪ್ಪು ಎಂದು ಬರೆದೆ, ಬಂದರು ಇದೆ ಎಂದು ಬರೆದೆ ಎಂದ. ಹೇಳುತ್ತ ಹೇಳುತ್ತ ತನ್ನ ದನಿ ಹೋದ ವರ್ಷ ತಾನು ನಪಾಸು ಮಾಡಿದ ಹುಡುಗನ ದನಿಯಂತೆಯೇ ಕೇಳಿಸಿತು.

“ಕೆಂಚಸಮುದ್ರದ ನೀರು ಉಪ್ಪಂತ ಬರದ್ರಾ?” ದುರುಗಮ್ಮ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆ ನಗು ಇರಲಿಲ್ಲ. “ನೋಡ್ರಿ, ನಾ ಸಂತಿಗೆ ಬರಿಗೈಲಿ ಹೋಗಿ, ಸುಣ್ಣ ಕೆಟ್ಟೈತಿ ತಿನ್ನಬ್ಯಾಡ್ರಿ ಅಂದ್ರ ಏನಂತಾರ? ಸರಕಾರದ ಕಾಗದ ಚಲೋ ಐತಿ ಅಂತೈತಿ, ಮುದುಕಿಗೆ ಅರಳುಮರಳು ಅಂತಾರ. ಸುಣ್ಣ ಅರಳವಲ್ದು, ದುರುಗವ್ವ ಅರಳ್ಯಾಳ ಅಂತ ಹಾಡು ಕಟ್ತಾರ. ಮನ್ಯಾಗ ಇಟಗೊಂಡ ಹಳೀ ಸುಣ್ಣ ತಿಂತಾನ ಇರ್ತಾರ. ಬರದವ್ರು ನೀವು. ನೀವ ಬಂದು ಹೇಳ್ರಿ.”

“ಸಂತಿಯಾಗ?”

“ಮತ್ತ ನನ್ನ ಹಿತ್ತಲದಾಗ?”

ಬಹಿರಂಗವಾಗಿ ಹೇಳಿದರೆ ಮಾತು ಇಲಾಖೆಗೆ ತಲುಪುತ್ತದೆ. ಮಾದರಿ ರದ್ದಾಗುತ್ತದೆ. ಸುಳ್ಳು ಮಾಹಿತಿ ಕೊಟ್ಟವನೆಂದು ಪ್ರಾಂಶುಪಾಲರ ಮೇಜಿಗೆ ಪತ್ರ ಬರುತ್ತದೆ. ಹನ್ನೊಂದು ಮೇಷ್ಟ್ರುಗಳು ಸುಮ್ಮನಿದ್ದಾರೆ, ಹನ್ನೆರಡನೆಯವನಿಗೆ ಮಾತ್ರ ಸಂತೆಗೆ ಕರೆ. ಇದೆಲ್ಲ ಆಕೆಗೆ ಹೇಳಬೇಕೆಂದುಕೊಂಡ. ಸಾಲಾಗಿಟ್ಟ ನಾಲ್ಕು ಗಡಿಗೆ ನೋಡಿ ಹೇಳಲಿಲ್ಲ.

ಮರುದಿನ ಅರಸೀಕೆರೆ ಸಂತೆಯಲ್ಲಿ, ಎಲೆ ಮಾರುವವರ ಸಾಲಿನ ಕೊನೆಗೆ, ದುರುಗಮ್ಮ ಎಂದಿನ ಜಾಗದಲ್ಲಿ ಗೋಣಿ ಹಾಸಿ ಕೂತಳು. ಮುಂದೆ ಗಡಿಗೆಯಿಲ್ಲ. ಪಕ್ಕದಲ್ಲಿ ಪಾಲಾಕ್ಷ ನಿಂತ. ಬರೆದುಕೊಂಡು ಬಂದಿದ್ದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು ಶುರುಮಾಡಿದ: “ಮಾನ್ಯರೇ, ಕೆಂಚಸಮುದ್ರದ ಚಿಪ್ಪುಜೀವಿಗಳಲ್ಲಿ ಪ್ರತಿ ಗ್ರಾಂಗೆ ಇಪ್ಪತ್ಮೂರು ಮೈಕ್ರೋಗ್ರಾಂ…”

ಯಾರೂ ನಿಲ್ಲಲಿಲ್ಲ. ಪಕ್ಕದ ಈರುಳ್ಳಿಯವನು ಅವನಿಗಿಂತ ಜೋರಾಗಿ ಕೂಗುತ್ತಿದ್ದ. ಒಬ್ಬಳು ಮಾತ್ರ ಎರಡು ನಿಮಿಷ ಕೇಳಿ, “ಯಾವ ಪಾರ್ಟಿಯವ್ರು?” ಎಂದು ದುರುಗಮ್ಮನನ್ನು ವಿಚಾರಿಸಿ ಹೋದಳು.

“ಅಂಕಿ ಬ್ಯಾಡ್ರಿ,” ಎಂದಳು ದುರುಗಮ್ಮ ಕೆಳಗಿನಿಂದ ಅವನ ಪ್ಯಾಂಟು ಎಳೆದು. “ನಿಮ್ಮ ತಪ್ಪು ಹೇಳ್ರಿ.”

ಪಾಲಾಕ್ಷ ಹಾಳೆ ಮಡಚಿದ. “ನಾನು ಕಾಲೇಜು ಮೇಷ್ಟ್ರು,” ಎಂದ. “ಸರಕಾರದ ಕಾಗದದಾಗ ಸುಳ್ಳು ಬರದೀನಿ.”

ಈರುಳ್ಳಿಯವನ ಕೂಗು ನಿಂತಿತು. ತಕ್ಕಡಿ ಹಿಡಿದವರು ಹಿಡಿದಂತೆಯೇ ತಿರುಗಿದರು. ನಿಮಿಷದೊಳಗೆ ನಲವತ್ತು ಜನ ಸೇರಿದರು. ಇಪ್ಪತ್ತು ವರ್ಷ ಪಾಠ ಹೇಳಿದರೂ ಇಷ್ಟು ಗಮನವಿಟ್ಟು ಕೇಳುವ ತರಗತಿ ಅವನಿಗೆ ಸಿಕ್ಕಿರಲಿಲ್ಲ.

“ಏನಂತ ಬರದ್ರಿ?”

“ಕೆಂಚಸಮುದ್ರದ ನೀರು ಕಡಲಿನಷ್ಟು ಉಪ್ಪು ಅಂತ.”

ಕುರಿ ಕಾಯುವ ಮೈಲಪ್ಪ ಹೆಗಲ ಕಂಬಳಿ ಸರಿಸಿ ಮುಂದೆ ಬಂದ. “ಉಪ್ಪಾ? ನನ್ನ ಮುನ್ನೂರು ಕುರಿ ದಿನಾ ಅಲ್ಲೇ ಕುಡೀತಾವಲ್ರಿ! ಉಪ್ಪಿದ್ರ ಮೂಸಿ ನೋಡ್ತಿದ್ವೇನು? ಕುರಿಗೆ ತಿಳಿದದ್ದು ಸರಕಾರಕ್ಕ ತಿಳೀಲಿಲ್ಲಾ?”

“ಸರಕಾರಕ್ಕ ಅಲ್ಲ, ನನಗ ತಿಳಿದಿತ್ತು. ತಿಳಿದ ಬರದೆ.”

“ಅಂದ್ರ ಆ ಮಾರೇಶನ ಬಾಗಿಲ ಮ್ಯಾಲಿನ ಕಾಗದ?”

“ಅದರಾಗ ಸೀಸದ ಅಂಕಿ ಒಂದು ಖರೆ. ತೃಪ್ತಿಕರ ಅನ್ನೋದು ಸುಳ್ಳು. ನನ್ನ ಉಪ್ಪಿನಿಂದ ಹುಟ್ಟಿದ ಸುಳ್ಳು. ಬ್ಯಾಟರಿ ತೊಳೆದ ನೀರು ಸಿಂಪಿಯೊಳಗ ಹೋಗೈತಿ, ಸಿಂಪಿಯಿಂದ ಸುಣ್ಣಕ್ಕ ಬಂದೈತಿ. ಮನ್ಯಾಗ ಈಕಿ ಸುಣ್ಣ ಉಳಿದಿದ್ರ ತಿನ್ನಬ್ಯಾಡ್ರಿ. ಗ್ವಾಡಿಗೂ ಬಳೀಬ್ಯಾಡ್ರಿ.”

ಯಾರೋ ಫೋನ್ ಎತ್ತಿ ಚಿತ್ರೀಕರಿಸುತ್ತಿದ್ದರು. ಪಾಲಾಕ್ಷ ನೋಡಿದ, ಮುಖ ತಿರುಗಿಸಲಿಲ್ಲ. ಜನ ಅವನನ್ನು ಬಿಟ್ಟು ತಮ್ಮತಮ್ಮಲ್ಲೇ ಜಗಳ ಹಚ್ಚಿಕೊಂಡರು. ಮಾರೇಶನನ್ನು ಕೋಡಿಯಿಂದ ಎಬ್ಬಿಸಬೇಕೆಂದು ಒಬ್ಬ. ಎಬ್ಬಿಸಿದರೆ ಬಲೆಗೆ ಗುಂಡು ನೀನು ಕೊಡ್ತೀಯೇನು ಎಂದು ಇನ್ನೊಬ್ಬ. ಹಂಗಾದ್ರ ಕಲ್ಲಂಗಡಿ ಹಾಳಿ ಹಾಸಿದವ್ರನ್ನೂ ಎಬ್ಬಸ್ರಿ ಎಂದು ಮೈಲಪ್ಪ. ಮೇಷ್ಟ್ರಿಗೆ ನಾಚಿಕಿಲ್ಲ ಎಂದು ಒಬ್ಬಳು, ಇದ್ದದ್ದಕ್ಕೇ ಬಂದಾನ ಎಂದು ಮತ್ತೊಬ್ಬಳು.

ಈ ಗದ್ದಲದ ನಡುವೆ ಒಬ್ಬ ಮುದುಕ ಕುಕ್ಕರಗಾಲಿನಲ್ಲಿ ಕೂತು ದುರುಗಮ್ಮನ ಮುಂದೆ ಖಾಲಿ ಡಬ್ಬಿ ಚಾಚಿದ. “ಅದೆಲ್ಲಾ ಇರ್ಲಿ. ಚೂರು ಕೊಡು. ನಲವತ್ತು ವರ್ಷ ತಿಂದೀನಿ, ಇವತ್ತೊಂದಿನಕ್ಕ ಏನಾಗತೈತಿ?”

“ಕೈ ತಗಿ ಮುದ್ಯಾ!” ದುರುಗಮ್ಮ ಅವನ ಕೈಗೆ ಪಟ್ಟನೆ ಬಡಿದಳು. “ಹಲ್ಲಿಲ್ಲದ ಬಾಯಿಗೆ ಆಸಿ ನೋಡು. ಇಲ್ಲ ಅಂದ್ರ ಇಲ್ಲ.”

“ಬಟ್ಟಿನಷ್ಟು.”

“ಮಾಸ್ತರ, ಈತಗ ಇನ್ನೊಮ್ಮಿ ಹೇಳ್ರಿ. ಕಿವಿ ಮಂದ.”

ಬಿಸಿಲು ಏರಿತ್ತು. ಸಂತೆಗೆ ಆಗಷ್ಟೇ ಬಂದ ಇನ್ನೂ ನಾಲ್ಕು ಮಂದಿ ಡಬ್ಬಿ ತೆರೆಯುತ್ತ ಈ ಕಡೆಗೇ ನಡೆದು ಬರುತ್ತಿದ್ದರು. ಪಾಲಾಕ್ಷ ಮುದುಕನ ಪಕ್ಕ ಕುಕ್ಕರಿಸಿ ಕೂತು, ಅವನ ಕಿವಿಗೆ ಬಾಯಿ ಹಚ್ಚಿ, ಮೊದಲಿನಿಂದ ಶುರುಮಾಡಿದ.

“ಅಜ್ಜಾ, ನಾನೊಂದು ಸುಳ್ಳು ಬರದಿದ್ದೆ…”